ಹಿತ್ತಲಿಗೆ ಬಂದ ವಠಾರ

ತುಮಕೂರು ಜಿಲ್ಲೆಯಲ್ಲಿ ಶೆಟ್ಟಿಹಳ್ಳಿ ಎಂಬ ಹೆಸರಿನ ಊರು ಒಂದೇ ಅಲ್ಲ. ಗುಬ್ಬಿ ಸೀಮೆಯವರಿಗೆ ಒಂದು ಶೆಟ್ಟಿಹಳ್ಳಿ, ಕುಣಿಗಲ್ ಸೀಮೆಯವರಿಗೆ ಇನ್ನೊಂದು. ಇಲ್ಲಿ ಹೇಳಹೊರಟಿರುವುದು ತುಮಕೂರು ನಗರದೊಳಗೇ ಸೇರಿಹೋಗಿರುವ ಶೆಟ್ಟಿಹಳ್ಳಿಯ ವಿಷಯ. ರೈಲು ಹಳಿಯ ಕೆಳಗಿನ ಅಂಡರ್‌ಪಾಸ್ ಇಲ್ಲಿನವರಿಗೆ ಹೆಬ್ಬಾಗಿಲಿದ್ದಂತೆ. ಜೋರು ಮಳೆ ಬಂದ ದಿನ ಅದರಲ್ಲಿ ನೀರು ನಿಂತರೆ ಊರೇ ಸುತ್ತುಬಳಸಿ ಓಡಾಡಬೇಕು. ಬೆಳಿಗ್ಗೆ ರೈಲು ಹಿಡಿದು ಎಪ್ಪತ್ತು ಕಿಲೋಮೀಟರ್ ದೂರದ ಬೆಂಗಳೂರಿಗೆ ಹೋಗಿ ರಾತ್ರಿ ಮರಳುವ ನೌಕರರು, ವಸಂತನರಸಾಪುರದ ಕಾರ್ಖಾನೆಗಳಿಗೆ ಹೋಗುವ ಹುಡುಗರು, ಪಾಠಕ್ಕೆ ಓಡುವ ಮಕ್ಕಳು, ಇವರೆಲ್ಲ ಸೇರಿ ಈಗ ಇದು ಹಳ್ಳಿ ಎಂದು ಹೇಳಲು ಉಳಿದಿರುವುದು ಹೆಸರು ಮಾತ್ರ.

ಆದರೂ ಕಣ್ಣಿಟ್ಟು ನೋಡುತ್ತಾ ನಡೆದರೆ ಹಳೆಯ ಕಾಲ ಅಲ್ಲಲ್ಲಿ ಇಣುಕುತ್ತದೆ. ಮೂರಂತಸ್ತಿನ ಎರಡು ಕಟ್ಟಡಗಳ ನಡುವೆ ತಗ್ಗಾಗಿ ಕುಳಿತ ಒಂದು ಮಂಗಳೂರು ಹೆಂಚಿನ ಮನೆ. ಮುಂದೆ ಕಲ್ಲು ಚಪ್ಪಡಿಯ ಜಗಲಿ, ಎರಡು ಕಂಬ, ಸರಳು ಹಾಕಿದ ಕಿಟಕಿ. ಹಿಂದೆ ತಲೆ ಎತ್ತಿ ನಿಂತ ತೆಂಗಿನ ಮರ. ಸ್ವಾತಂತ್ರ್ಯ ಬಂದ ಮೇಲಿನ ಹದಿನೈದು ಇಪ್ಪತ್ತು ವರ್ಷಗಳಲ್ಲಿ ಕಟ್ಟಿದ ಇಂಥ ಮನೆಗಳು ಅರಮನೆಗಳೂ ಅಲ್ಲ, ಗುಡಿಸಲುಗಳೂ ಅಲ್ಲ. ಗುಮಾಸ್ತರು, ಮೇಷ್ಟರು, ಸಣ್ಣ ವ್ಯಾಪಾರಿಗಳು ಹೊಟ್ಟೆ ಬಟ್ಟೆ ಕಟ್ಟಿ ಕಟ್ಟಿಸಿದವು. ಯಾವ ಇತಿಹಾಸದ ಪುಸ್ತಕದಲ್ಲೂ ಇವುಗಳ ಹೆಸರಿಲ್ಲ. ಹಾಗಾಗಿ ಕೆಡವುವಾಗ ಕೇಳುವವರೂ ಇಲ್ಲ. 2016ರಲ್ಲಿ ತುಮಕೂರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು. ನೆಲದ ಬೆಲೆ ಏರುತ್ತಲೇ ಬಂತು. ಬೆಲೆ ಏರಿದಾಗ ಮೊದಲು ಎಲ್ಲರ ಕಣ್ಣು ಬೀಳುವುದು ಹಿತ್ತಲಿನ ಮೇಲೆ.

ನನ್ನ ಸೋದರತ್ತೆಯ ಮನೆ ಇಂಥದ್ದೊಂದು. ಮಾವ ಲೋಕೋಪಯೋಗಿ ಇಲಾಖೆಯಲ್ಲಿ ಓವರ್‌ಸಿಯರ್ ಆಗಿದ್ದರು. 1962ರಲ್ಲಿ ಐವತ್ತು ಅಡಿ ಅಗಲ, ನೂರಮೂವತ್ತು ಅಡಿ ಉದ್ದದ ನಿವೇಶನದ ಮುಂಭಾಗದಲ್ಲಿ ಈ ಮನೆ ಕಟ್ಟಿಸಿದರು. ಉತ್ತರಕ್ಕೆ ರಸ್ತೆ, ದಕ್ಷಿಣಕ್ಕೆ ಹಿತ್ತಲು. ಜಗಲಿ, ಹಜಾರ, ನಡುಮನೆ, ಅಡಿಗೆಮನೆ, ಹಿಂದೆ ಹಂಡೆ ಹೂತಿದ್ದ ಬಚ್ಚಲುಮನೆ. ಅದರಾಚೆ ಬಾವಿ, ನಾಲ್ಕು ತೆಂಗು, ಒಂದು ಕರಿಬೇವು. ಎಂಬತ್ತು ದಾಟಿದ ಅತ್ತೆಗೆ ಕಣ್ಣು ಮಂಜಾಗಿದೆ. ಆದರೆ ಈ ಮನೆಯೊಳಗೆ ಅವರು ಕಣ್ಣಿಲ್ಲದೆಯೂ ಓಡಾಡಬಲ್ಲರು. ಯಾವ ಹೊಸ್ತಿಲು ಎಷ್ಟು ಎತ್ತರ ಎಂಬುದು ಅವರ ಕಾಲಿಗೆ ಗೊತ್ತು.

ಸಿಮೆಂಟಿಗೆ ಪರ್ಮಿಟ್ ಇದ್ದ ಕಾಲ

ಇಂದಿನ ಮಕ್ಕಳಿಗೆ ಸಿಮೆಂಟ್ ಎಂದರೆ ಅಂಗಡಿಗೆ ಫೋನ್ ಮಾಡಿದರೆ ಬಂದುಬೀಳುವ ಮೂಟೆ. ಮಾವ ಮನೆ ಕಟ್ಟಿಸಿದಾಗ ಹಾಗಿರಲಿಲ್ಲ. ದೇಶದಲ್ಲಿ ಸಿಮೆಂಟಿನ ಬೆಲೆಗೂ ಹಂಚಿಕೆಗೂ ಸರ್ಕಾರದ ನಿಯಂತ್ರಣವಿತ್ತು. ಅದು ಸ್ವಲ್ಪ ಸಡಿಲವಾದದ್ದು 1982ರಲ್ಲಿ, ಪೂರ್ತಿ ಹೋದದ್ದು 1989ರಲ್ಲಿ. ನಮ್ಮ ಜಿಲ್ಲೆಯದೇ ಆದ ಅಮ್ಮಸಂದ್ರದ ಸಿಮೆಂಟ್ ಕಾರ್ಖಾನೆ ಹೊಗೆಯಾಡತೊಡಗಿದ್ದೂ 1960ರ ದಶಕದಲ್ಲಿಯೇ. ಹೀಗಾಗಿ ಜನಸಾಮಾನ್ಯರ ಮನೆಗೆ ಆಧಾರ ಸುಣ್ಣ ಮತ್ತು ಮಣ್ಣು. ಸಿಮೆಂಟ್ ಏನಿದ್ದರೂ ನೆಲಕ್ಕೆ, ಕೆಂಪು ಆಕ್ಸೈಡ್ ಕಲಸಿ ಕನ್ನಡಿಯಂತೆ ತಿಕ್ಕಿ ಹೊಳಪು ಬರಿಸಲು.

ಗೋಡೆಗಳು ಒಂದೂವರೆ ಅಡಿ ದಪ್ಪ. ಕೆಳಗೆ ಸೈಜುಗಲ್ಲಿನ ಪಾಯ, ಮೇಲೆ ಮಣ್ಣಿನ ಗಾರೆಯಲ್ಲಿ ಕೂಡಿಸಿದ ಸುಟ್ಟ ಇಟ್ಟಿಗೆ, ಅದರ ಮೇಲೆ ಸುಣ್ಣದ ಗಾರೆ. ನಡುಮನೆಗೆ ಮದ್ರಾಸ್ ತಾರಸಿ. ಮರದ ತೊಲೆಗಳ ಮೇಲೆ ಜಂತೆ, ಜಂತೆಗಳ ಮೇಲೆ ಸಣ್ಣ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಓರೆಯಾಗಿ ಜೋಡಿಸಿ, ಮೇಲೆ ಇಟ್ಟಿಗೆ ಜಲ್ಲಿ ಮತ್ತು ಸುಣ್ಣ ಹಾಕಿ ದಿನಗಟ್ಟಲೆ ಬಡಿದು ಗಟ್ಟಿಮಾಡಿದ ಚಾವಣಿ ಅದು. ಬಡಿಯುವಾಗ ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಚಿಮುಕಿಸುತ್ತಿದ್ದರು. ಉಳಿದ ಭಾಗಕ್ಕೆಲ್ಲ ಮಂಗಳೂರು ಹೆಂಚು. ಆ ಹೆಂಚಿನ ಮೊದಲ ಕಾರ್ಖಾನೆಯನ್ನು ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ತೆರೆದದ್ದು 1865ರಲ್ಲಿ. ನೇತ್ರಾವತಿ ದಂಡೆಯ ಜೇಡಿಯಲ್ಲಿ ಹುಟ್ಟಿದ ಈ ಹೆಂಚು ಘಟ್ಟ ಹತ್ತಿ ಬಯಲುಸೀಮೆಯ ನಾಡಹೆಂಚನ್ನು ಮೂಲೆಗೆ ತಳ್ಳಿತು.

ಸುಣ್ಣದ ವಿಚಾರವನ್ನು ನಾನು ಪ್ರತಿ ವರ್ಷ ಹತ್ತನೆಯ ತರಗತಿಗೆ ಪಾಠ ಮಾಡುತ್ತೇನೆ. ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಸುಟ್ಟರೆ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ನೀರು ಹಾಕಿದರೆ ಬುಸುಗುಟ್ಟಿ ಅರಳುತ್ತದೆ. ಗೋಡೆಗೆ ಬಳಿದ ಮೇಲೆ ಅದು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ನಿಧಾನವಾಗಿ ಹೀರಿ ಮತ್ತೆ ಕಲ್ಲಾಗುತ್ತದೆ. ಪುಸ್ತಕದಲ್ಲಿ ಇದು ಮೂರು ಸಮೀಕರಣ. ಅತ್ತೆಯ ಮನೆಯಲ್ಲಿ ಅದೇ ಮೂರು ಸಮೀಕರಣ ಅರವತ್ತು ವರ್ಷದಿಂದ ಗೋಡೆಯಾಗಿ ನಿಂತಿದೆ.

ನಾಲ್ಕು ಪಾಲು

ಮಾವ 2009ರಲ್ಲಿ ತೀರಿಕೊಂಡರು. ಉಯಿಲು ಬರೆದಿರಲಿಲ್ಲ. ಮಕ್ಕಳು ಮೂವರು. ದೊಡ್ಡ ಭಾವ ಬೆಂಗಳೂರಿನಲ್ಲಿ, ಅತ್ತಿಗೆ ಹಾಸನದಲ್ಲಿ ಶಿಕ್ಷಕಿ, ಕಿರಿಯವನು ಅಮ್ಮನ ಜೊತೆ ಇದೇ ಮನೆಯಲ್ಲಿ. ಹತ್ತು ವರ್ಷ ಯಾರೂ ಪಾಲಿನ ಮಾತೆತ್ತಲಿಲ್ಲ. ಮಳೆಗಾಲದಲ್ಲಿ ಹೆಂಚು ಸೋರಿ, ಹಿಂಬದಿಯ ಗೋಡೆ ತೇವ ಹಿಡಿದು, ತೊಲೆಯೊಂದರ ತುದಿ ಗೆದ್ದಲಿಗೆ ಸಿಕ್ಕಾಗ ಮಾತು ಶುರುವಾಯಿತು. ಒಬ್ಬ ಬಿಲ್ಡರ್ ಬಂದು, ಪೂರ್ತಿ ಕೆಡವಿ ನಾಲ್ಕಂತಸ್ತು ಕಟ್ಟಿ ಅರ್ಧ ಫ್ಲಾಟು ನಿಮಗೆ ಅರ್ಧ ನನಗೆ ಎಂದ. ದೊಡ್ಡ ಭಾವನಿಗೆ ಅದು ಸರಿ ಎನಿಸಿತು. ಕಿರಿಯವನಿಗೆ, ಅಮ್ಮನನ್ನು ಎರಡು ವರ್ಷ ಬಾಡಿಗೆ ಮನೆಯಲ್ಲಿಟ್ಟರೆ ತಿರುಗಿ ಬರುವ ಹೊತ್ತಿಗೆ ಅವರು ಇರುತ್ತಾರೆಯೇ ಎಂಬ ಯೋಚನೆ. ಅತ್ತಿಗೆಯನ್ನು ಯಾರೂ ಕೇಳಿರಲಿಲ್ಲ.

ಇಲ್ಲಿ ಕಾನೂನು ಏನು ಹೇಳುತ್ತದೆ ಎಂಬುದನ್ನು ತಂದೆತಾಯಿಯರು ತಿಳಿದಿರುವುದು ಒಳ್ಳೆಯದು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ, ಸ್ವಯಾರ್ಜಿತ ಆಸ್ತಿಯುಳ್ಳ ಗಂಡಸು ಉಯಿಲಿಲ್ಲದೆ ತೀರಿಕೊಂಡರೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಜೊತೆಗೆ ಅವನ ತಾಯಿ ಬದುಕಿದ್ದರೆ ಅವಳೂ, ಸಮಪಾಲಿನ ವಾರಸುದಾರರು. ಆದರೆ ಅದೇ ಕಾಯಿದೆಯಲ್ಲಿ ಒಂದು ಕೊಕ್ಕೆ ಇತ್ತು. ಕುಟುಂಬ ವಾಸವಾಗಿರುವ ಮನೆಯಲ್ಲಿ, ಗಂಡುಮಕ್ಕಳು ತಾವು ಪಾಲಾಗಲು ಮನಸ್ಸು ಮಾಡುವವರೆಗೆ, ಹೆಣ್ಣುಮಕ್ಕಳು ವಿಭಾಗ ಕೇಳುವಂತಿರಲಿಲ್ಲ. 2005ರ ತಿದ್ದುಪಡಿ ಆ ಕೊಕ್ಕೆಯನ್ನು ತೆಗೆದುಹಾಕಿತು. ಆದ್ದರಿಂದ ಈ ಮನೆಯಲ್ಲಿ ಪಾಲು ನಾಲ್ಕು: ಅತ್ತೆಯದೊಂದು, ಮಕ್ಕಳದು ಮೂರು.

ಅತ್ತಿಗೆ ಬಂದು ಕುಳಿತು ಹೇಳಿದ ಮಾತು ನೆನಪಿದೆ. "ನನಗೆ ದುಡ್ಡು ಬೇಡ ಕಣಣ್ಣ. ನಿವೃತ್ತಿ ಆದ ಮೇಲೆ ಬಂದಿರೋಕೆ ಇಲ್ಲೊಂದು ಬಾಗಿಲು ಬೇಕು." ದೊಡ್ಡ ಭಾವ ಬಹಳ ಹೊತ್ತು ಸುಮ್ಮನಿದ್ದರು. ನಂತರ ನನ್ನ ಕಡೆ ತಿರುಗಿ, "ಮೇಷ್ಟ್ರೇ, ಹಿಂದೆ ಎಪ್ಪತ್ತೈದು ಅಡಿ ಜಾಗ ಇದೆಯಲ್ಲ, ಅಲ್ಲಿ ಮೂರು ಮನೆ ಕೂಡುತ್ತಾ ನೋಡಿ" ಎಂದರು. ಕೆಲಸ ಶುರುವಾದದ್ದು ಆ ಮಾತಿನಿಂದ.

ಮುಂದೆ ಮಾಲೀಕರ ಮನೆ, ಹಿಂದೆ ಸಾಲು ಮನೆಗಳು, ನಡುವೆ ಅಂಗಳ, ಎಲ್ಲರಿಗೂ ಒಂದೇ ನೀರು: ಇದಕ್ಕೆ ನಮ್ಮಲ್ಲಿ ವಠಾರ ಎಂಬ ಹೆಸರಿದೆ. ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಎಷ್ಟೋ ಮಂದಿ ಓದಿ ಮುಂದೆ ಬಂದದ್ದು ಇಂಥ ವಠಾರದ ಒಂಟಿ ಕೋಣೆಯ ಮನೆಗಳಲ್ಲಿ. ನಲ್ಲಿಯ ಮುಂದಿನ ಜಗಳವೂ ಅಲ್ಲಿನದೇ, ಹಬ್ಬಕ್ಕೆ ಬಾಗಿಲಿಂದ ಬಾಗಿಲಿಗೆ ಹೋಗುವ ಒಬ್ಬಟ್ಟೂ ಅಲ್ಲಿನದೇ. ಇಲ್ಲಿ ವ್ಯತ್ಯಾಸ ಇಷ್ಟೆ, ಬಾಡಿಗೆದಾರರ ಬದಲು ಒಡಹುಟ್ಟಿದವರು.

ಹಳೆಯ ಗೋಡೆಗೆ ಹಳೆಯ ಮದ್ದು

ಮೊದಲು ಮಾಡಿದ್ದು ಮುಂದಿನ ಮನೆಯ ರಿಪೇರಿ. ಹಿಂಬದಿಯ ಗೋಡೆಯ ಕಾಯಿಲೆ ವಿಚಿತ್ರವಾಗಿತ್ತು. ನೆಲದಿಂದ ಮೂರಡಿ ಎತ್ತರದವರೆಗೆ ಬಣ್ಣ ಉಬ್ಬಿ, ಬಿಳಿ ಉಪ್ಪಿನ ಪುಡಿ ಉದುರುತ್ತಿತ್ತು. ತೊಂಬತ್ತರ ದಶಕದಲ್ಲಿ ಯಾರೋ ಆ ಗೋಡೆಗೆ ಗಟ್ಟಿಯಾಗಲೆಂದು ಸಿಮೆಂಟ್ ಪ್ಲಾಸ್ಟರಿಂಗ್ ಮಾಡಿ ಮೇಲೆ ಎಣ್ಣೆ ಬಣ್ಣ ಹೊಡೆದಿದ್ದರು. ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ಇಟ್ಟಿಗೆಯ ಸಣ್ಣ ರಂಧ್ರಗಳಲ್ಲಿ ನೆಲದ ನೀರು ಏರುತ್ತದೆ. ಸುಣ್ಣದ ಗಾರೆಯಾದರೆ ಆ ತೇವ ಹೊರಗೆ ಆವಿಯಾಗಿ ಹೋಗುತ್ತದೆ. ಸಿಮೆಂಟಿನ ಹೊದಿಕೆ ಅದನ್ನು ಒಳಗೇ ಹಿಡಿದಿಟ್ಟು ಇನ್ನೂ ಮೇಲಕ್ಕೆ ಏರಿಸುತ್ತದೆ. ಒಳಗಿನ ಮಣ್ಣಿನ ಗಾರೆ ಮೆತ್ತಗಾಗುತ್ತದೆ.

ಕೆಲಸ ಒಪ್ಪಿಕೊಂಡ ಹಿರಿಯ ಮೇಸ್ತ್ರಿ ಗೋಡೆಯನ್ನು ಬೆರಳಲ್ಲಿ ತಟ್ಟಿ ನೋಡಿ, "ಇದಕ್ಕೆ ಉಸಿರು ಕಟ್ಟಿದೆ ಸ್ವಾಮಿ" ಎಂದ. ಮೂವತ್ತು ವರ್ಷ ಪಾಠ ಹೇಳಿದ ನನಗೆ ಇಷ್ಟು ಚಿಕ್ಕದಾಗಿ ಹೇಳಲು ಬಂದಿಲ್ಲ. ಸಿಮೆಂಟನ್ನು ಕಿತ್ತು, ಗೋಡೆಯನ್ನು ಒಂದು ಬೇಸಿಗೆ ಪೂರ್ತಿ ಒಣಗಲು ಬಿಟ್ಟು, ಮತ್ತೆ ಸುಣ್ಣ ಮರಳಿನ ಗಾರೆ ಬಳಿದರು. ಗೆದ್ದಲು ತಿಂದ ತೊಲೆಯ ಬದಲಿಗೆ, ಕೆಡವಿದ ಮನೆಗಳ ಮರ ಮಾರುವ ಅಂಗಡಿಯಿಂದ ಹಳೆಯ ತೇಗದ ತೊಲೆ ತಂದರು. ಹೆಂಚುಗಳನ್ನೆಲ್ಲ ಇಳಿಸಿ, ಪಾಚಿ ತಿಕ್ಕಿ, ಒಂದೊಂದನ್ನೂ ಬೆರಳ ಗೆಣ್ಣಿನಿಂದ ತಟ್ಟಿ, ಠಣ್ ಎಂದದ್ದನ್ನು ಇಟ್ಟುಕೊಂಡು ಬದ್ದ್ ಎಂದದ್ದನ್ನು ಬಿಟ್ಟರು. ಒಂದು ಚದರ ಮೀಟರಿಗೆ ಸುಮಾರು ಹದಿನೈದು ಹೆಂಚು ಬೇಕು. ಹೆಚ್ಚಿನವು ಠಣ್ ಎಂದವು. ಕತ್ತಲೆಯಿದ್ದ ಅಡಿಗೆಮನೆಯ ಮೇಲೆ ನಾಲ್ಕು ಗಾಜಿನ ಹೆಂಚು ಕೂಡಿಸಿದರು. ಹಂಡೆಯಿದ್ದ ಬಚ್ಚಲು ಹೋಗಿ, ಹಿಡಿದುಕೊಳ್ಳಲು ಕಂಬಿಯಿರುವ, ಜಾರದ ನೆಲದ ಸ್ನಾನದ ಮನೆ ಅತ್ತೆಯ ಕೋಣೆಗೇ ಸೇರಿಕೊಂಡಿತು. ಹೊಸ್ತಿಲುಗಳನ್ನು ಮಾತ್ರ ಅವರು ಮುಟ್ಟಗೊಡಲಿಲ್ಲ.

ನೀರಿನ ಸಂಪನ್ನು ಹಳೆಯ ಗೋಡೆಯಿಂದ ಮೂರಡಿ ದೂರದಲ್ಲಿ, ಏಳು ಅಡಿ ಆಳಕ್ಕೆ ತೋಡಬೇಕೆಂದು ಮೊದಲ ನಕ್ಷೆಯಲ್ಲಿತ್ತು. ಮೇಸ್ತ್ರಿ ಒಪ್ಪಲಿಲ್ಲ. ಗೋಡೆಯ ಭಾರ ಪಾಯದ ಕೆಳಗೆ ನೆಟ್ಟಗೆ ಇಳಿಯುವುದಿಲ್ಲ, ಇಳಿಜಾರಾಗಿ ಹರಡುತ್ತಾ ಹೋಗುತ್ತದೆ. ಎಷ್ಟು ಆಳ ಅಗೆಯುತ್ತೇವೋ ಹಳೆಯ ಗೋಡೆಯಿಂದ ಕನಿಷ್ಠ ಅಷ್ಟು ದೂರವಾದರೂ ಸರಿಯಬೇಕು ಎಂಬುದು ಅವನ ಕಟ್ಟಳೆ. ಸಂಪು ಹನ್ನೆರಡು ಅಡಿ ಹಿಂದಕ್ಕೆ ಹೋಯಿತು. ಪಕ್ಕದಲ್ಲಿ ಪಾಯ ತೋಡಿದ್ದರಿಂದ ಬಿರುಕು ಬಿಟ್ಟ ಹಳೆಯ ಮನೆಗಳು ಊರೂರಲ್ಲಿ ಇವೆ. ಅವುಗಳನ್ನು ನೋಡಿದವರಿಗೆ ಈ ಕಟ್ಟಳೆಯ ಬೆಲೆ ತಿಳಿಯುತ್ತದೆ.

ಬಿಸಿಲಿನ ಲೆಕ್ಕ

ಹೊಸ ಮನೆಗಳು ಹಿತ್ತಲಿನ ಉದ್ದಕ್ಕೂ ಹಬ್ಬಿ ಮೂರಂತಸ್ತು ಏರಬೇಕೆಂಬುದು ಮೊದಲ ಆಸೆ. ಹಾಗಾದರೆ ನಡುವೆ ಉಳಿಯುವುದು ಹದಿನೈದು ಅಡಿ. ಆಗ ನನ್ನ ತರಗತಿಯ ಆರು ಮಕ್ಕಳನ್ನು ಒಂದು ಶನಿವಾರ ಮಧ್ಯಾಹ್ನ ಅಲ್ಲಿಗೆ ಕರೆದೊಯ್ದೆ. ಒಂದು ಕೋಲು, ಒಂದು ಟೇಪು, ಒಂದು ತೂಗುಗುಂಡು, ಇಷ್ಟೇ ಸಾಮಾನು. ತುಮಕೂರು ಉತ್ತರ ಅಕ್ಷಾಂಶ ಸುಮಾರು 13.3 ಡಿಗ್ರಿಯಲ್ಲಿದೆ. ಡಿಸೆಂಬರ್ 21ರ ಸುಮಾರಿಗೆ ಸೂರ್ಯ ಮಕರ ಸಂಕ್ರಾಂತಿ ವೃತ್ತದ ಮೇಲೆ, ಅಂದರೆ ದಕ್ಷಿಣಕ್ಕೆ 23.4 ಡಿಗ್ರಿಯಲ್ಲಿರುತ್ತಾನೆ. ತೊಂಬತ್ತರಿಂದ ಇವೆರಡನ್ನೂ ಕಳೆದರೆ ಆ ದಿನ ನಡುಹಗಲಿನಲ್ಲಿ ಸೂರ್ಯನ ಎತ್ತರ 53 ಡಿಗ್ರಿ ಚಿಲ್ಲರೆ. ಹತ್ತು ಅಡಿಯ ಕೋಲಿಗೆ ಏಳೂವರೆ ಅಡಿ ನೆರಳು. ಮೂವತ್ತೆರಡು ಅಡಿ ಎತ್ತರದ ಕಟ್ಟಡಕ್ಕೆ ಇಪ್ಪತ್ತನಾಲ್ಕು ಅಡಿ.

ಎಂದರೆ ದಕ್ಷಿಣದ ಹೊಸ ಕಟ್ಟಡದ ನೆರಳು ಚಳಿಗಾಲದಲ್ಲಿ ಅಂಗಳವನ್ನೆಲ್ಲ ನುಂಗಿ ಅತ್ತೆಯ ಹಿಂಬಾಗಿಲ ಗೋಡೆ ಏರುತ್ತದೆ. ಒಣಗಬೇಕಾದ ಗೋಡೆಗೆ ಬಿಸಿಲೇ ಇಲ್ಲ, ಬೆಳಗಿನ ಚಳಿ ಕಳೆಯಲು ಅಂಗಳದಲ್ಲಿ ಕೂರುವ ಮುದುಕಿಗೂ ಇಲ್ಲ. ಮಕ್ಕಳು ಲೆಕ್ಕವನ್ನು ನೆಲದ ಮೇಲೆ ಸುಣ್ಣದ ಪುಡಿಯಲ್ಲಿ ಗೆರೆ ಎಳೆದು ತೋರಿಸಿದರು. ದೊಡ್ಡ ಭಾವ ಆ ಗೆರೆಯ ಮೇಲೆ ನಿಂತು ಹಿಂದಕ್ಕೂ ಮುಂದಕ್ಕೂ ನೋಡಿದರು. ಮೂರನೆಯ ಅಂತಸ್ತು ಅಲ್ಲಿಗೇ ಬಿದ್ದುಹೋಯಿತು. ಎರಡೇ ಅಂತಸ್ತು, ಕೈಗೋಡೆ ಸೇರಿ ಇಪ್ಪತ್ತೆರಡು ಅಡಿ ಎತ್ತರ. ನಡುವೆ ಇಪ್ಪತ್ತೈದು ಅಡಿ ಅಂಗಳ. ವರ್ಷದ ಅತಿ ಉದ್ದದ ನಡುಹಗಲ ನೆರಳು ಹದಿನಾರೂವರೆ ಅಡಿಗೆ ನಿಲ್ಲುತ್ತದೆ. ಉಳಿದ ಎಂಟೂವರೆ ಅಡಿ ಬಿಸಿಲು ಅತ್ತೆಯದು.

ಸುತ್ತ ಬಿಡಬೇಕಾದ ಜಾಗ ಬಿಟ್ಟು ಸಾಲಾಗಿ ಮೂರು ಮನೆ. ಒಂದೊಂದಕ್ಕೆ ಹದಿನಾಲ್ಕು ಅಡಿ ಅಗಲ, ಮೂವತ್ತಾರು ಅಡಿ ಉದ್ದ, ಪಕ್ಕದ ಗೋಡೆ ಇಬ್ಬರಿಗೂ ಒಂದೇ. ಇಂಥ ಕಿರಿದಾದ ಮನೆಯಲ್ಲಿ ನಡುವೆ ಕತ್ತಲಾಗುತ್ತದೆ. ಅದಕ್ಕೆ ಮೆಟ್ಟಿಲನ್ನು ನಡುವೆ ತಂದು ಅದರ ನೆತ್ತಿಯ ಮೇಲೆ ಗವಾಕ್ಷಿ ಇಟ್ಟರು. ಗೋಡೆಗೆ ಏನು ಎಂಬ ಪ್ರಶ್ನೆ ಬಂದಾಗ ನಮ್ಮ ಜಿಲ್ಲೆಯದೇ ಒಂದು ಉತ್ತರವಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿಯವರು 1974ರಲ್ಲಿ ಹುಟ್ಟುಹಾಕಿದ 'ಅಸ್ತ್ರ' ಎಂಬ ವಿಭಾಗ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ತನ್ನ ಕೇಂದ್ರ ತೆರೆದಿತ್ತು. ಹೊಗೆಯಿಲ್ಲದ 'ಅಸ್ತ್ರ ಒಲೆ'ಯನ್ನು ಹಿರಿಯ ಓದುಗರು ಮರೆತಿರಲಾರರು. ಅದೇ ಬಳಗದ ಪ್ರೊ. ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ, ಯಂತ್ರದಲ್ಲಿ ಒತ್ತಿ, ಸುಡದೆಯೇ ಗಟ್ಟಿಯಾಗುವ ಇಟ್ಟಿಗೆಯನ್ನು ವರ್ಷಗಟ್ಟಲೆ ಪರೀಕ್ಷಿಸಿ ಬಳಕೆಗೆ ತಂದರು.

ಪಾಯ ತೋಡಿದ ಕೆಮ್ಮಣ್ಣನ್ನು ಲಾರಿಯಲ್ಲಿ ಹೊರಗೆ ಸುರಿಯುವ ಬದಲು ಜರಡಿ ಹಿಡಿದು, ನೂರಕ್ಕೆ ಏಳೆಂಟರಷ್ಟು ಸಿಮೆಂಟ್ ಸೇರಿಸಿ, ಬಾಡಿಗೆ ಯಂತ್ರದಲ್ಲಿ ಒತ್ತಿದರು. ಮೂರು ವಾರ ಒದ್ದೆ ಹುಲ್ಲು ಹೊದಿಸಿ ಆರೈಕೆ. "ಇಷ್ಟೆಲ್ಲ ಆಗಿ ಮಣ್ಣಿನ ಮನೆಯೇ?" ಎಂದು ಕಿರಿಯ ಭಾಮೈದ ಮುಖ ಸಣ್ಣದು ಮಾಡಿದ. ಆರೈಕೆ ಮುಗಿದ ಒಂದು ಇಟ್ಟಿಗೆಯನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ ಅವನ ಮುಂದೆಯೇ ಇಟ್ಟೆವು. ವಾರ ಕಳೆದು ತೆಗೆದರೆ ಅಂಚು ಕೂಡ ಕರಗಿರಲಿಲ್ಲ. ಅವನ ಮಗಳು ಅದರ ಮೇಲೆ ಹತ್ತಿ ನಿಂತು ಕುಣಿದಳು. ಆಮೇಲೆ ಯಾರೂ ತಕರಾರು ಮಾಡಲಿಲ್ಲ.

ಪಾಲಾಗದೆ ಉಳಿದದ್ದು

ಎಲ್ಲ ಸುಸೂತ್ರವಾಯಿತು ಎಂದರೆ ಸುಳ್ಳಾದೀತು. ದೊಡ್ಡ ಜಗಳವಾದದ್ದು ಬಾವಿಯ ಮೇಲೆ. ನಲವತ್ತು ಅಡಿ ಆಳದ ಕಲ್ಲುಕಟ್ಟಡದ ಬಾವಿ ಅದು. ಸುತ್ತಮುತ್ತ ಬೋರ್‌ವೆಲ್‌ಗಳು ಇಳಿದ ಮೇಲೆ ಬತ್ತಿ ಎಷ್ಟೋ ವರ್ಷವಾಗಿತ್ತು. ಕುಡಿಯಲು ನಗರಕ್ಕೆ ಹೇಮಾವತಿಯ ನೀರು ಬುಗುಡನಹಳ್ಳಿ ಕೆರೆಯ ಮೂಲಕ ಬರುತ್ತದೆ. ಹೀಗಿರುವಾಗ ಒಣಗಿದ ಬಾವಿಗೆ ಕಟ್ಟಡದ ಕಸ ತುಂಬಿ ಮುಚ್ಚಿದರೆ ಎರಡು ಕಾರು ನಿಲ್ಲಿಸಬಹುದು ಎಂಬುದು ಗಂಡುಮಕ್ಕಳ ವಾದ. ಅಲ್ಲಿಯವರೆಗೆ ಯಾವುದಕ್ಕೂ ಅಡ್ಡಿ ಹೇಳದಿದ್ದ ಅತ್ತೆ, "ಬಾವಿ ಮುಚ್ಚೋದಾದ್ರೆ ನನ್ನನ್ನ ಮೊದಲು ಅದರೊಳಗೆ ಹಾಕಿ ಮುಚ್ಚಿ" ಎಂದು ಊಟ ಬಿಟ್ಟು ಎದ್ದುಹೋದರು. ಎರಡು ವಾರ ಕೆಲಸ ನಿಂತಿತು. ದೊಡ್ಡ ಭಾವ ಬೆಂಗಳೂರಿನಿಂದ ಬರಲಿಲ್ಲ.

ಮಧ್ಯಸ್ತಿಕೆಗೆ ಬಂದದ್ದು ಗುಣಾಕಾರ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಹಳೆಯ ಮನೆ, ಹೊಸ ಮನೆ ಎರಡರ ಚಾವಣಿ ಸೇರಿ ಸುಮಾರು 300 ಚದರ ಮೀಟರ್. ವರ್ಷಕ್ಕೆ 650 ಮಿಲಿಮೀಟರ್ ಮಳೆ ಎಂದು ಹಿಡಿದರೂ ಎರಡು ಲಕ್ಷ ಲೀಟರಿಗೆ ಹತ್ತಿರ. ಸೋರಿಕೆ, ಆವಿ, ಮೊದಲ ಮಳೆಯ ಕೊಳೆ ನೀರು ಕಳೆದರೆ ಒಂದೂವರೆ ಲಕ್ಷ. ಇದನ್ನೆಲ್ಲ ರಸ್ತೆಗೆ ಬಿಟ್ಟರೆ ತಗ್ಗು ಹುಡುಕಿಕೊಂಡು ಅದು ಅಂಡರ್‌ಪಾಸಿನಂಥ ಕಡೆಗೇ ಹೋಗಿ ನಿಲ್ಲುತ್ತದೆ. ಬೆಂಗಳೂರಿನಲ್ಲಿ 2009ರಲ್ಲೇ ಜಲಮಂಡಳಿಯ ಕಾನೂನಿಗೆ ತಿದ್ದುಪಡಿ ತಂದು ದೊಡ್ಡ ನಿವೇಶನಗಳಲ್ಲಿ ಮಳೆನೀರು ಸಂಗ್ರಹ ಕಡ್ಡಾಯ ಮಾಡಿದ್ದಾರೆ. ಅಲ್ಲಿ ಹೊಸದಾಗಿ ಇಂಗುಗುಂಡಿ ತೋಡಿಸಿಕೊಳ್ಳುವವರು ಹಣ ಕೊಡುತ್ತಾರೆ. ಇಲ್ಲಿ ಮಾವ ಅರವತ್ತು ವರ್ಷದ ಹಿಂದೆಯೇ ತೋಡಿಸಿಟ್ಟಿದ್ದರು. ಈ ಲೆಕ್ಕ ಬರೆದ ಹಾಳೆಯನ್ನು ಅತ್ತಿಗೆ ಬೆಂಗಳೂರಿಗೆ ತೆಗೆದುಕೊಂಡು ಹೋದರು. ಮುಂದಿನ ಭಾನುವಾರ ಭಾವ ಬಂದರು, ಕಾರನ್ನು ರಸ್ತೆಯಲ್ಲಿ ನಿಲ್ಲಿಸಿ ಒಳಗೆ ಬಂದರು.

ಜಲ್ಲಿ, ಮರಳು, ಇದ್ದಿಲು ತುಂಬಿದ ತೊಟ್ಟಿಯಲ್ಲಿ ಸೋಸಿ ಚಾವಣಿಯ ನೀರನ್ನು ಬಾವಿಗೆ ಬಿಟ್ಟರು. ಬಾವಿಗೆ ಕಬ್ಬಿಣದ ಬಲೆ ಬಿತ್ತು. ಮೊದಲ ಮಳೆಗಾಲದ ನೀರನ್ನೆಲ್ಲ ನೆಲ ಕುಡಿಯಿತು. ಎರಡನೆಯ ವರ್ಷ ಕಾರ್ತಿಕದವರೆಗೆ ತಳದಲ್ಲಿ ಆರೇಳು ಅಡಿ ನಿಂತಿತ್ತು. ಕುಡಿಯುವುದಕ್ಕಲ್ಲ, ಗಿಡಕ್ಕೆ, ಪಾತ್ರೆಗೆ. ಬಲೆಯ ಮೇಲಿಂದ ಬಗ್ಗಿ ನೋಡಿದ ಅತ್ತೆಗೆ ನೀರು ಕಾಣಲಿಲ್ಲ. ಮೊಮ್ಮಗಳು ಒಂದು ಕಲ್ಲು ಹಾಕಿ ಸದ್ದು ಕೇಳಿಸಿದಳು.

ಕಾಗದಪತ್ರದ ಸರದಿಯನ್ನೂ ಹೇಳಿಬಿಡುವುದು ಒಳ್ಳೆಯದು. ಮೊದಲು ವಿಭಾಗ ಪತ್ರ ನೋಂದಣಿ, ಆಮೇಲೆ ಅವರವರ ಹೆಸರಿಗೆ ಖಾತೆ, ನಂತರ ಪಾಲಿಕೆಯಿಂದ ನಕ್ಷೆಗೆ ಮಂಜೂರಾತಿ, ಕೊನೆಗೆ ಬ್ಯಾಂಕಿನ ಸಾಲ. ಕಿರಿಯವನು ಆತುರಪಟ್ಟು ಮೊದಲು ಸಾಲಕ್ಕೆ ಹೋಗಿ, ನಿಮ್ಮ ಹೆಸರಿನಲ್ಲಿ ಏನಿದೆ ಎಂದು ಕೇಳಿಸಿಕೊಂಡು ಬಂದ. ವಿಭಾಗ ಪತ್ರದಲ್ಲಿ ನಾಲ್ಕು ಪಾಲು ಬರೆದ ಮೇಲೆ ವಕೀಲರು ಇನ್ನೊಂದು ಅಂಶ ಸೇರಿಸಿದರು. ಪಕ್ಕದ ಹತ್ತು ಅಡಿಯ ಓಣಿ, ನಡುವಿನ ಅಂಗಳ, ಬಾವಿ, ಈ ಮೂರು ಯಾರ ಪಾಲಿಗೂ ಸೇರದೆ ಎಲ್ಲರ ಜಂಟಿ ಒಡೆತನದಲ್ಲಿ ಇರತಕ್ಕದ್ದು. ಯಾರೂ ಅಲ್ಲಿ ಏನನ್ನೂ ಕಟ್ಟತಕ್ಕದ್ದಲ್ಲ. ಇಡೀ ಪತ್ರದಲ್ಲಿ ನನಗೆ ಅತ್ಯಂತ ಮುಖ್ಯವೆನಿಸಿದ್ದು ಈ ಅಂಶವೇ. ಒಡಹುಟ್ಟಿದವರು ಪಾಲಾದ ಮೇಲೂ ಒಟ್ಟಿಗಿರಲು ಸಾಧ್ಯವಾಗುವುದು, ಏನು ಹಂಚಿಕೊಂಡರು ಎಂಬುದರಿಂದಲ್ಲ, ಏನನ್ನು ಹಂಚದೆ ಬಿಟ್ಟರು ಎಂಬುದರಿಂದ.

ಹಳೆಯ ಮನೆ ಅತ್ತೆಯ ಪಾಲಿಗೆ ಬಂದಿದೆ. ಅವರ ನಂತರ ಅದು ಯಾರದು ಎಂಬುದನ್ನು ಅವರು ಇನ್ನೂ ಬರೆದಿಲ್ಲ, ಕೇಳಲು ಯಾರಿಗೂ ಧೈರ್ಯವಿಲ್ಲ. ಅತ್ತಿಗೆ ನಿವೃತ್ತಿಯಾಗಿ ಬಂದು ಹಿಂದಿನ ಮೂರನೆಯ ಮನೆಯಲ್ಲಿದ್ದಾರೆ. ಸಂಜೆ ಓಣಿಯ ಮಕ್ಕಳಿಗೆ ಗಣಿತ ಹೇಳಿಕೊಡುತ್ತಾರೆ. ದೊಡ್ಡ ಭಾವನ ಮನೆ ಹಬ್ಬಗಳಲ್ಲಿ ಮಾತ್ರ ತೆರೆಯುತ್ತದೆ.

ಇದನ್ನು ಓದುವ ವಿದ್ಯಾರ್ಥಿಗಳಿಗೆ ಒಂದು ಸಣ್ಣ ಕೆಲಸ. ನಿಮ್ಮ ಬೀದಿಯಲ್ಲಿ ಒಂದು ಹೆಂಚಿನ ಮನೆ ಹುಡುಕಿ, ಅಲ್ಲಿನ ಹಿರಿಯರ ಅಪ್ಪಣೆ ಕೇಳಿ ಒಳಗೆ ಹೋಗಿ. ಗೋಡೆಯ ದಪ್ಪ ಅಳೆಯಿರಿ. ಏಪ್ರಿಲ್ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ ಅಲ್ಲಿಯ ಹಜಾರದ ಉಷ್ಣತೆಯನ್ನೂ ನಿಮ್ಮ ಮನೆಯ ಮೇಲಂತಸ್ತಿನ ಉಷ್ಣತೆಯನ್ನೂ ಒಂದೇ ಥರ್ಮಾಮೀಟರಿನಲ್ಲಿ ನೋಡಿ ಬರೆದುಕೊಳ್ಳಿ. ಚಾವಣಿಯ ಉದ್ದಗಲ ಗುಣಿಸಿ ಎಷ್ಟು ಮಳೆ ಹಿಡಿಯಬಹುದೆಂದು ಲೆಕ್ಕ ಹಾಕಿ. ಆ ಮನೆ ಕಟ್ಟಿದವರು ಯಾರು, ಗಾರೆಗೆ ಏನು ಬೆರೆಸಿದ್ದರು ಎಂದು ಅಜ್ಜಿಯನ್ನೋ ಅಜ್ಜನನ್ನೋ ಕೇಳಿ. ಆ ಮನೆ ಕೆಡವುವ ಮಾತು ಮುಂದೊಂದು ದಿನ ಬಂದರೆ, ಮಾತಾಡುವವರ ಕೈಯಲ್ಲಿ ನಿಮ್ಮ ಹಾಳೆಯೂ ಒಂದಿರಲಿ.